ಎಲೆಯುದುರಿದ ಕಾಡಿನ ಚೈತ್ರ



ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಮನೆಮನೆಯಲ್ಲೂ ಒಂದೇ ಮಾತು, ಈ ಸಲ ಎಲ್ಲಿಗೆ ಹೋಗೋಣ? ಊಟಿ, ಮಡಿಕೇರಿ, ಚಿಕ್ಕಮಗಳೂರು ಎಂದು ತಂಪು ಊರುಗಳ ಹೆಸರೇ ಮೊದಲು ಬರುತ್ತದೆ. ಬಿಸಿಲು ಏರುತ್ತಿರುವಾಗ, ಎಲೆಯೆಲ್ಲ ಉದುರಿ ಬೋಳಾಗಿ ನಿಂತ ಕಾಡಿಗೆ ಯಾರಾದರೂ ಸಂಸಾರ ಕಟ್ಟಿಕೊಂಡು ಹೋಗುತ್ತಾರೆಯೇ ಎಂದು ನಮ್ಮ ಮನೆಯಲ್ಲೂ ಪ್ರಶ್ನೆ ಬಂತು. ಹೋಗಬೇಕು ಎಂದು ಹೇಳುವುದಕ್ಕೇ ಇವತ್ತು ನಿಮ್ಮೆದುರು ಬಂದಿದ್ದೇನೆ. ಬಂಡೀಪುರವನ್ನು ನೋಡಲು ಫಾಲ್ಗುಣ ಕಳೆದು ಚೈತ್ರ ಕಾಲಿಡುವ ವಾರಗಳಿಗಿಂತ ಒಳ್ಳೆಯ ಕಾಲ ನನಗೆ ತಿಳಿದಂತೆ ಇನ್ನೊಂದಿಲ್ಲ. ಮಳೆಗಾಲದ ಕಾಡು ಚೆಲುವೆಯೇ, ಸಂದೇಹವಿಲ್ಲ. ಆದರೆ ಆಗ ಹತ್ತು ಮಾರು ಆಚೆ ಆನೆ ನಿಂತಿದ್ದರೂ ಹಸಿರು ಅಡ್ಡ ಬಂದು ಮರೆಮಾಡುತ್ತದೆ. ಚೈತ್ರದಲ್ಲಿ ಆ ಮರೆ ಇರುವುದಿಲ್ಲ. ಕಾಡಿನ ಬೆನ್ನೆಲುಬು, ಕಾಡಿನ ನಡಿಗೆ, ಕಾಡಿನ ದಾಹ ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಯುಗಾದಿ ಮುಗಿದು ಹೊಸತೊಡಕೂ ಕಳೆದ ಮೇಲೆ ನಾವು ಮೈಸೂರಿನಿಂದ ಕಾರಿನಲ್ಲಿ ಹೊರಟೆವು. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಮುಂದಿನ ಸೀಟು ಅಮ್ಮನಿಗೆ. ಬುತ್ತಿಗೆ ಚಪಾತಿ, ಚಟ್ನಿಪುಡಿ, ಮೊಸರನ್ನ. ನೀರು ಸ್ಟೀಲಿನ ಬಾಟಲಿಗಳಲ್ಲಿ. ಕಾಡಿನ ದಾರಿಗೆ ಪ್ಲಾಸ್ಟಿಕ್ ಒಯ್ಯಬಾರದೆಂದು ಹಿಂದಿನ ರಾತ್ರಿಯೇ ಮನೆಯಲ್ಲಿ ತೀರ್ಮಾನವಾಗಿತ್ತು.

ನಂಜನಗೂಡಿಗೆ ಬರುವಾಗ ಮೂಡಣ ಕೆಂಪಾಗುತ್ತಿತ್ತು. ಕಪಿಲೆಯ ಮೇಲಿನ ಹಳೆಯ ಕಲ್ಲುಸೇತುವೆಯನ್ನು ಮಕ್ಕಳಿಗೆ ತೋರಿಸಿದೆ. 1735ರ ಸುಮಾರಿಗೆ ಕಟ್ಟಿದ್ದು. ರೈಲೂ ಗಾಡಿಯೂ ಒಟ್ಟಿಗೆ ಹಾದುಹೋದ ಸೇತುವೆ. ಶ್ರೀಕಂಠೇಶ್ವರನಿಗೆ ಕಾರಿನಿಂದಲೇ ಕೈಮುಗಿದ ಅಮ್ಮ, ಈ ನೀರು ಎಲ್ಲಿಂದ ಬರುತ್ತದೆ ಗೊತ್ತೇ ಎಂದು ಮೊಮ್ಮಕ್ಕಳನ್ನು ಕೇಳಿದರು. ಈ ಕಪಿಲೆಯೇ ಕಬಿನಿ. ವೈನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಒಂದು ದಡಕ್ಕೆ ಬಂಡೀಪುರವನ್ನೂ ಇನ್ನೊಂದು ದಡಕ್ಕೆ ನಾಗರಹೊಳೆಯನ್ನೂ ಇಟ್ಟುಕೊಂಡು ಹರಿದು ಇಲ್ಲಿಗೆ ಬರುತ್ತದೆ. ನಂಜನಗೂಡಿನ ಸ್ನಾನಘಟ್ಟದಲ್ಲಿ ಮುಳುಗು ಹಾಕುವವರು ಮೀಯುವುದು ಆನೆ ಕುಡಿದು ಬಿಟ್ಟ ನೀರಿನಲ್ಲಿ.

ನಂಜನಗೂಡು ದಾಟಿ ಬೇಗೂರು, ಗುಂಡ್ಲುಪೇಟೆಯ ಕಡೆ ಸಾಗಿದಂತೆ ನೆಲ ಒಣಗುತ್ತ ಹೋಗುತ್ತದೆ. ಕೆಂಪು ಮಣ್ಣು, ಕಟಾವಾದ ಹೊಲ, ಬದುವಿನ ಮೇಲೆ ಬೇವು, ತಳಿರೊಡೆದ ಹೊಂಗೆ. ಮಳೆಗಾಲದಲ್ಲಿ ಇವೇ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿ ದಾರಿಹೋಕರೆಲ್ಲ ಕಾರು ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಚೈತ್ರದಲ್ಲಿ ಅವು ಮೊದಲ ಮಳೆಗೆ ಬಾಯ್ತೆರೆದು ಬಿದ್ದಿರುತ್ತವೆ. ಇದಕ್ಕೆ ಕಾರಣ ಪಡುವಣದಲ್ಲಿದೆ. ಮುಂಗಾರಿನ ಮೋಡ ವೈನಾಡಿನ ಬೆಟ್ಟಗಳ ಮೇಲೆ ತನ್ನ ಭಾರವನ್ನೆಲ್ಲ ಇಳಿಸಿ, ಉಳಿದದ್ದನ್ನಷ್ಟೇ ಈಚೆಗೆ ತರುತ್ತದೆ. ಹಾಗಾಗಿ ಬಂಡೀಪುರದ ಪಡುವಣ ಅಂಚಿನಲ್ಲಿ ಎತ್ತರದ ತೇಗ, ಹೊನ್ನೆ, ಬೀಟೆ. ಮೂಡಣಕ್ಕೆ ಬಂದಂತೆ ಮರಗಳು ಕುಳ್ಳಾಗುತ್ತವೆ. ದಿಂಡಿಗ, ಮತ್ತಿ, ನೆಲ್ಲಿ ಬರುತ್ತವೆ. ಕೊನೆಗೆ ಮುಳ್ಳುಕಂಟಿಯ ಕುರುಚಲು ಉಳಿಯುತ್ತದೆ. ಮಳೆ ಎಲ್ಲಿ ಎಷ್ಟು ಬಿದ್ದೀತು ಎಂಬುದನ್ನು ಮರದ ಎತ್ತರ ನೋಡಿಯೇ ಹೇಳಬಹುದು.

ಗುಂಡ್ಲುಪೇಟೆಯಲ್ಲಿ ದಾರಿ ಎರಡಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 766 ಮೂಲೆಹೊಳೆಯ ಮೇಲೆ ಸುಲ್ತಾನ್ ಬತ್ತೇರಿಗೆ, ಅಲ್ಲಿಂದ ಕಲ್ಲಿಕೋಟೆಗೆ ಹೋಗುತ್ತದೆ. ಹೆದ್ದಾರಿ 181 ಬಂಡೀಪುರದ ನಡುವೆ ಹಾದು, ತಮಿಳುನಾಡಿನ ಮುದುಮಲೈ ಹೊಕ್ಕು ಊಟಿಗೆ ಏರುತ್ತದೆ. ಎರಡೂ ಹುಲಿಯ ಕಾಡನ್ನು ಸೀಳಿಕೊಂಡೇ ಹೋಗುವ ದಾರಿಗಳು. ಈ ಎರಡು ದಾರಿಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ರಾತ್ರಿ 9 ಗಂಟೆಗೆ ಇಲ್ಲಿ ಗೇಟು ಬೀಳುತ್ತದೆ, ತೆರೆಯುವುದು ಬೆಳಗ್ಗೆ 6ಕ್ಕೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತದ ಆದೇಶದಿಂದ ಶುರುವಾದ ಈ ನಿರ್ಬಂಧವನ್ನು 2010ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಕೇರಳ ಒಪ್ಪಲಿಲ್ಲ, ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆಂಬುಲೆನ್ಸಿಗೆ ಮತ್ತು ನಿಗದಿಯಾದ ಕೆಲವೇ ಬಸ್ಸುಗಳಿಗೆ ರಾತ್ರಿಯಲ್ಲೂ ದಾರಿಯುಂಟು. ಮಿಕ್ಕವರು ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಯ ಸುತ್ತುದಾರಿ ಹಿಡಿಯಬೇಕು. ತರಕಾರಿ ಸಾಗಿಸುವ ಲಾರಿಯವರ, ಗಡಿಯ ವ್ಯಾಪಾರಿಗಳ ತೊಂದರೆ ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣಬಾರದು. ಹಾಗಿದ್ದರೂ ಈ ಗೇಟು ಬೀಳಲೇಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಕಡವೆ, ಆನೆ, ಚಿರತೆ, ಹುಲಿ ಇವೆಲ್ಲ ಇರುಳಿನಲ್ಲಿ ತಿರುಗಾಡುವ ಜೀವಗಳು. ಹೆಡ್‌ಲೈಟಿನ ಬೆಳಕು ಕಣ್ಣಿಗೆ ಹೊಡೆದರೆ ಜಿಂಕೆ ಓಡುವುದಿಲ್ಲ, ನಿಂತಲ್ಲೇ ನಿಂತುಬಿಡುತ್ತದೆ. ಹಗಲೆಲ್ಲ ಮನುಷ್ಯನಿಗೆ ಬಿಟ್ಟುಕೊಟ್ಟ ದಾರಿಯನ್ನು ಒಂಬತ್ತು ಗಂಟೆಯ ಕಾಲವಾದರೂ ಅವುಗಳಿಗೆ ಹಿಂದಿರುಗಿಸಬೇಕಾದದ್ದು ನ್ಯಾಯ.

ನಾವು ಹಂಗಳ, ಮೇಲುಕಾಮನಹಳ್ಳಿ ದಾಟಿ ಚೆಕ್‌ಪೋಸ್ಟಿಗೆ ಬರುವಷ್ಟರಲ್ಲಿ ಬಿಸಿಲು ಹುಟ್ಟಿತ್ತು. ಅಲ್ಲಿಂದ ಮುಂದೆ ಹಾರ್ನ್ ಇಲ್ಲ, ಹಾಡಿಲ್ಲ, ಕಾರಿನಿಂದ ಇಳಿಯುವಂತಿಲ್ಲ. ರಸ್ತೆಯುಬ್ಬುಗಳು ಒಂದರ ಹಿಂದೆ ಒಂದು. ಅವಸರದ ಪ್ರವಾಸಿ ಅವುಗಳನ್ನು ಶಪಿಸುತ್ತಾನೆ. ನನಗಂತೂ ಕಾಡು ನೋಡಲು ತಕ್ಕ ವೇಗವನ್ನು ಆ ಉಬ್ಬುಗಳೇ ಕಲಿಸಿದವು. ಸಫಾರಿಗೆ ಹಣ ಕೊಟ್ಟು ಕೂರುವ ಮೊದಲೇ, ಡಾಂಬರು ರಸ್ತೆಯ ಬದಿಯಲ್ಲೇ ಸಾರಗಗಳ ಹಿಂಡು, ಗರಿ ಎಳೆದುಕೊಂಡು ನಡೆಯುವ ನವಿಲು, ತುಸು ಒಳಗೆ ಬಿದಿರ ಮೆಳೆಯ ಪಕ್ಕ ಮೊಣಕಾಲವರೆಗೆ ಬಿಳಿ ಬಣ್ಣದ ಕಾಟಿ. ಕಾಡಿಗೆ ಹೋಗುವ ದಾರಿಯೂ ಕಾಡೇ ಎಂಬುದನ್ನು ಮರೆತವರು ಎಷ್ಟು ಸಲ ಸಫಾರಿಗೆ ಹೋದರೂ ನೋಡುವುದು ಕಡಿಮೆ.

ಮರೆತವರಿಂದ ಆಗುವ ಅನಾಹುತವೂ ಇದೇ ದಾರಿಯಲ್ಲಿದೆ. ತಮಿಳುನಾಡಿನ ಗಡಿಯ ಕೆಕ್ಕನಹಳ್ಳದ ಕಡೆ ಆನೆಗಳು ತರಕಾರಿ ಲಾರಿಗಳನ್ನು ಕಾದು ನಿಲ್ಲುವುದನ್ನು ಕಲಿತಿವೆ. ಕಲಿಸಿದವರು ನಾವು. ಒಂದು ಹಿಡಿ ಕ್ಯಾರೆಟ್, ಒಂದು ಬಿಸ್ಕತ್ತಿನ ಪೊಟ್ಟಣ ಎಸೆದು ಮೊಬೈಲಿನಲ್ಲಿ ಚಿತ್ರ ಹಿಡಿದ ಪ್ರವಾಸಿಗೆ ಅದು ಕರುಣೆ ಎನಿಸಬಹುದು. ಆ ಆನೆಗೆ ಅದು ಸಾವಿನ ದಾರಿ. 2025ರ ಆಗಸ್ಟಿನಲ್ಲಿ ಇದೇ ಕಾಡಿನ ಹೆದ್ದಾರಿಯಲ್ಲಿ ಚಿತ್ರ ತೆಗೆಯಲು ಇಳಿದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿದ್ದನ್ನು ನಾಡೆಲ್ಲ ನೋಡಿತು. ಅವರು ಉಳಿದದ್ದು ಪುಣ್ಯ. ಮಗಳು ಒಂದು ಸಾರಗದ ಮರಿ ನೋಡಿ ಚಪಾತಿ ಕೊಡಲೇ ಎಂದು ಕೇಳಿದಳು. ಅದರ ಊಟ ಅದು ಹುಡುಕಿಕೊಳ್ಳಲಿ ಮಗು, ನಾವು ಹೋದ ಮೇಲೆ ಅದಕ್ಕೆ ಯಾರು ಕೊಡುತ್ತಾರೆ ಎಂದು ಅಮ್ಮ ಹೇಳಿದ್ದು ಅವಳಿಗೆ ನಾಟಿತು.

ಈಗ ಮುತ್ತುಗದ ಮಾತು. ಬಾಲ್ಯವೆಲ್ಲ ಹಳ್ಳಿಯಲ್ಲಿ ಕಳೆದ ಅಮ್ಮನಿಗೆ ಮುತ್ತುಗವೆಂದರೆ ಎಲೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಕುಳಿತು, ಹಂಚಿಕಡ್ಡಿಯಿಂದ ಎಲೆ ಹಚ್ಚಿ, ಕಟ್ಟು ಕಟ್ಟಿ ಮದುವೆ ಮನೆಗಳಿಗೆ ಇಡುತ್ತಿದ್ದ ಕಾಲ ಅವರದು. ಬಂಡೀಪುರದ ಚೈತ್ರದಲ್ಲಿ ಮುತ್ತುಗಕ್ಕೆ ಎಲೆಯೇ ಇಲ್ಲ. ಸೊಟ್ಟ ಕಾಂಡ, ಬೂದು ಕೊಂಬೆ, ಕೊಂಬೆಯ ತುದಿಯವರೆಗೂ ಕಿತ್ತಳೆಗೆಂಪು ಹೂ. ಹೂವಿನ ಕಾಲ ಮುಗಿಯುತ್ತ ಬಂದಿದ್ದರೂ ಅಲ್ಲೊಂದು ಇಲ್ಲೊಂದು ಮರ ಉರಿಯುತ್ತಲೇ ಇತ್ತು. ಅಮ್ಮ ಬಹಳ ಹೊತ್ತು ನೋಡಿ, ಇಷ್ಟು ವರ್ಷ ಎಲೆ ಕಿತ್ತಿದ್ದೇನೆ, ಇದನ್ನು ಹೀಗೆ ಕಣ್ತುಂಬ ನೋಡಲಿಲ್ಲವಲ್ಲ ಎಂದರು.

ಎಲೆ ಉದುರಿಸುವುದು ಮರದ ಬುದ್ಧಿವಂತಿಕೆ. ಎಲೆಯಿದ್ದರೆ ನೀರು ಆವಿಯಾಗಿ ಹೋಗುತ್ತದೆ. ನೆಲದಲ್ಲಿ ನೀರಿಲ್ಲದ ತಿಂಗಳುಗಳಲ್ಲಿ ಆ ಖರ್ಚು ಕಟ್ಟಿಬರುವುದಿಲ್ಲ. ಎಲೆ ಹೋದ ಮೇಲೆ ಹೂ ಬಿಡುವುದರಲ್ಲಿ ಇನ್ನೊಂದು ಲಾಭವಿದೆ. ಬರಿಯ ಕೊಂಬೆಯ ಕೆಂಪು ದೂರದ ಹಕ್ಕಿಗೂ ಕಾಣುತ್ತದೆ. ಮುತ್ತುಗ, ಬೂರುಗಗಳಿಗೆ ಜೇನುನೊಣದಷ್ಟೇ ಹಕ್ಕಿಗಳೂ ಬೇಕು. ಗೊರವಂಕ, ಕಾಜಾಣ, ಸೂರಕ್ಕಿಗಳು ಮಕರಂದಕ್ಕೆ ಬಂದು ಹಣೆಗೆಲ್ಲ ಪರಾಗ ಬಳಿದುಕೊಂಡು ಮುಂದಿನ ಮರಕ್ಕೆ ಹಾರುತ್ತವೆ. ಮುತ್ತುಗ ಮುಗಿಯುವಾಗ ಕಕ್ಕೆ ತೊಡಗುತ್ತದೆ, ಹಳದಿ ಗೊಂಚಲು ಇಳಿಬಿಡುತ್ತದೆ. ಕಕ್ಕೆಯ ಉದ್ದನೆಯ ಕೋಡು ಕರಡಿಗೆ ಬಲು ಇಷ್ಟ. ತಿರುಳು ತಿಂದು ಬೀಜವನ್ನು ದೂರದಲ್ಲಿ ಬಿತ್ತಿಬರುವ ಕೆಲಸ ಕರಡಿಯದು.

ಸಫಾರಿಯ ದಾರಿಯಲ್ಲಿ, ಕೆರೆಯ ಏರಿಯ ಹತ್ತಿರ ಒಂದು ಮರದಲ್ಲಿ ಮುಸುವಗಳ ಗುಂಪು ಚಿಗುರು ಕೀಳುತ್ತಿತ್ತು, ಕೆಳಗೆ ಸಾರಗಗಳು ಕತ್ತೆತ್ತಿ ಕಾಯುತ್ತಿದ್ದವು. ಮುಸುವ ಅರ್ಧ ತಿಂದು ಅರ್ಧ ಬೀಳಿಸುತ್ತದೆ. ಒಣಹುಲ್ಲಿನ ಕಾಲದಲ್ಲಿ ಆ ಬಿದ್ದ ಹೂ, ಚಿಗುರು ಸಾರಗಕ್ಕೆ ಹಬ್ಬದೂಟ. ಪ್ರತಿಯಾಗಿ ಸಾರಗದ ಮೂಗು ಮುಸುವಕ್ಕೆ ಕಾವಲು. ಮೇಲಿನಿಂದ ಕಣ್ಣು, ಕೆಳಗಿನಿಂದ ವಾಸನೆ, ಯಾರಿಗೆ ಮೊದಲು ಸುಳಿವು ಸಿಕ್ಕರೂ ಕೂಗು ಇಬ್ಬರಿಗೂ ಸಲ್ಲುತ್ತದೆ. ಮಗ ಇದನ್ನು ನೋಡುತ್ತ ಹುಲಿಯ ವಿಚಾರವನ್ನೇ ಮರೆತ.

ಆ ಕೂಗು ಎದ್ದದ್ದು ಸೀಳುನಾಯಿಗಳಿಗೆ. ಒಣಗಿದ ಕೆರೆಯಂಗಳದ ಆಚೆ ಬದಿಯಿಂದ ಕೆಂಪು ಮೈ, ಕಪ್ಪು ಬಾಲದ ಗುಂಪೊಂದು ಹಗುರವಾದ ಓಟದಲ್ಲಿ ಇಳಿದು ಬಂತು, ನೀರು ಕುಡಿಯಿತು, ನೀರಿನಲ್ಲೇ ಕುಳಿತಿತು. ಗುಂಪಿನ ನಡುವೆ ಮರಿಗಳೂ ಇದ್ದವು. ಚಳಿಗಾಲದಲ್ಲಿ ಗೂಡಿನಲ್ಲಿ ಹುಟ್ಟಿದ ಮರಿಗಳು ದೊಡ್ಡವರ ಜೊತೆ ಓಡಾಡಲು ಕಲಿಯುವ ಕಾಲ ಈ ವಸಂತ. ಬೇಟೆ ಬಿದ್ದ ಮೇಲೆ ಮೊದಲು ತಿನ್ನುವ ಹಕ್ಕು ಮರಿಗಳದು. ದೊಡ್ಡವು ಪಕ್ಕದಲ್ಲಿ ಕಾವಲು ನಿಲ್ಲುತ್ತವೆ. ಇಂಥ ಪ್ರಾಣಿಯನ್ನು ಕ್ರೂರಿ ಎಂದು ಕರೆದು, ಕೊಂದು ತಂದವರಿಗೆ ಇನಾಮು ಕೊಡುವ ಪದ್ಧತಿ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವವರೆಗೂ ಇತ್ತು. ಆ ಅಪವಾದವನ್ನು ತೊಳೆದವರಲ್ಲಿ ಮೊದಲಿಗರು ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್. 1970ರ ದಶಕದ ಉತ್ತರಾರ್ಧದಲ್ಲಿ ಇದೇ ಬಂಡೀಪುರದಲ್ಲಿ ಸೀಳುನಾಯಿಗಳ ಹಿಂದೆ ಕಾಲ್ನಡಿಗೆಯಲ್ಲಿ ಅಲೆದು ಅವುಗಳ ಸಂಸಾರವನ್ನು ಜಗತ್ತಿಗೆ ತಿಳಿಸಿದರು. ಆಮೇಲೆ ನಮ್ಮ ಕೃಪಾಕರ ಮತ್ತು ಸೇನಾನಿ. ವರ್ಷಗಟ್ಟಲೆ ಒಂದು ಗುಂಪಿನ ಜಾಡು ಹಿಡಿದು ಅವರು ಮಾಡಿದ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎಂದು ಹೆಸರಾದ ಪಾಂಡಾ ಪ್ರಶಸ್ತಿ ಬಂತು. 1997ರಲ್ಲಿ ಕಾಡುಗಳ್ಳ ವೀರಪ್ಪನ್ ಈ ಇಬ್ಬರನ್ನೂ ಅಪಹರಿಸಿ ಹದಿನಾಲ್ಕು ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ. ಬಿಡುಗಡೆಯಾಗಿ ಬಂದವರು ಮತ್ತೆ ಅದೇ ಕಾಡಿಗೆ ಕ್ಯಾಮೆರಾ ಹಿಡಿದು ಹೋದರು ಎಂದು ಮಕ್ಕಳಿಗೆ ಹೇಳುವಾಗ ನನಗೇ ರೋಮಾಂಚನವಾಯಿತು.

ಬಂಡೀಪುರದ ಚರಿತ್ರೆ ಚುಟುಕಾಗಿ ಹೇಳುವುದಾದರೆ, ಇದು ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಅದರಲ್ಲಿ 90 ಚದರ ಕಿಲೋಮೀಟರನ್ನು ಪ್ರಾಣಿಗಳಿಗೆ ಮೀಸಲಿಟ್ಟರು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿತು. ಹುಲಿ ಯೋಜನೆ 1973ರಲ್ಲಿ ಶುರುವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 1986ರಲ್ಲಿ ರೂಪುಗೊಂಡ ನೀಲಗಿರಿ ಜೀವಗೋಳ ಮೀಸಲು, ದೇಶದ ಮೊದಲನೆಯದು, ಇದನ್ನೂ ನೆರೆಯ ನಾಗರಹೊಳೆ, ಮುದುಮಲೈ, ವೈನಾಡುಗಳನ್ನೂ ಒಂದೇ ಮಡಿಲಿಗೆ ತಂದಿತು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141.

ಚೈತ್ರಕ್ಕೆ ಇನ್ನೊಂದು ಮುಖವಿದೆ, ಅದು ಬೆಂಕಿ. ಉದುರಿದ ಎಲೆ ಮೊಣಕಾಲುದ್ದ ಬಿದ್ದಿರುವ ನೆಲ, ಒಣಗಿದ ಹುಲ್ಲು, ಬೀಸುವ ಗಾಳಿ. ಒಂದು ಬೀಡಿಯ ತುಂಡು ಸಾಕು. ಈ ಕಾಡಿನಲ್ಲಿ ತಾನಾಗಿ ಬೆಂಕಿ ಹುಟ್ಟುವುದಿಲ್ಲವೆಂದೇ ಹೇಳಬೇಕು. ಹತ್ತುವುದೆಲ್ಲ ಮನುಷ್ಯನ ಕೈಯಿಂದ. 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಪ್ರಾಣವನ್ನೇ ಕೊಟ್ಟರು. ಬೇಸಿಗೆ ಬಂತೆಂದರೆ ಕಾಡಂಚಿನ ಊರುಗಳ, ಹಾಡಿಗಳ ಎಷ್ಟೋ ಜನ ಬೆಂಕಿ ಕಾವಲಿಗೆ ನಿಲ್ಲುತ್ತಾರೆ. ಹಸಿ ಸೊಪ್ಪಿನ ಕೊಂಬೆ ಹಿಡಿದು, ಕೆನ್ನಾಲಿಗೆಯ ಎದುರು ನಿಂತು ಬಡಿದು ಆರಿಸುವುದು ಅವರ ಕೆಲಸ. ಬೆಂಕಿ ರೇಖೆಯ ಬದಿಯಲ್ಲಿ ಮಸಿಮೈಯ ಕಾವಲುಗಾರರ ಒಂದು ತಂಡ ಕಂಡಾಗ ನಾವು ಕಾರಿನೊಳಗಿಂದಲೇ ಕೈಮುಗಿದೆವು.

ಬೆಂಕಿಗೆ ನೆರವಾಗುವ ಇನ್ನೊಂದು ಪಿಡುಗು ಲಂಟಾನ. ಅಂದದ ಹೂಗಿಡವೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ತಂದದ್ದು. ಇವತ್ತು ಬಂಡೀಪುರದ ಎಷ್ಟೋ ಕಡೆ ಮರದಡಿಯ ನೆಲವೆಲ್ಲ ಅದರದೇ. ಸಾರಗ ತಿನ್ನುವುದಿಲ್ಲ, ಕಾಟಿ ತಿನ್ನುವುದಿಲ್ಲ. ಅದರಡಿಯಲ್ಲಿ ಹುಲ್ಲು ಹುಟ್ಟುವುದಿಲ್ಲ. ಹುಲ್ಲಿಲ್ಲದ ಕಾಡಿನಿಂದ ಹಸಿದ ಪ್ರಾಣಿ ಹೊಲಕ್ಕೆ ಬರುತ್ತದೆ, ಅದರ ಹಿಂದೆ ಹುಲಿ ಬರುತ್ತದೆ. ದಾರಿಬದಿಯ ಬಣ್ಣಬಣ್ಣದ ಹೂ ನೋಡಿ ಚೆಂದವಿದೆ ಎಂದ ಮಕ್ಕಳಿಗೆ ಇದನ್ನೂ ಹೇಳಬೇಕಾಯಿತು.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಗಮನಿಸಿ, ಸ್ವಂತ ವಾಹನ ಬೆಟ್ಟದ ಬುಡದವರೆಗೆ ಮಾತ್ರ. ಅಲ್ಲಿಂದ ಸಾರಿಗೆ ಸಂಸ್ಥೆಯ ಬಸ್ಸು. ಇದು ಬಹಳ ಒಳ್ಳೆಯ ವ್ಯವಸ್ಥೆ. 1,454 ಮೀಟರ್ ಎತ್ತರದ ಈ ಬೆಟ್ಟದ ವೇಣುಗೋಪಾಲನ ಹೆಸರನ್ನೇ ಅರಸರ ಕಾಲದಲ್ಲಿ ಕಾಡಿಗೂ ಇಟ್ಟಿದ್ದರು. ಚೈತ್ರದಲ್ಲಿ ಮೇಲಿನಿಂದ ನೋಡಿದರೆ ಕಂದು ಕಾಡಿನ ನಡುವೆ ಹೊಳೆಸಾಲುಗಳು ಮಾತ್ರ ಹಸಿರು ಗೆರೆಗಳಾಗಿ ಕಾಣುತ್ತವೆ. ನೀರು ಎಲ್ಲಿದೆ, ಪ್ರಾಣಿ ಎತ್ತ ನಡೆಯುತ್ತದೆ ಎಂಬ ನಕಾಶೆಯೇ ಕೆಳಗೆ ಬಿಚ್ಚಿಕೊಂಡಂತೆ. ಆ ನಡಿಗೆಯ ಕೊನೆ ಕಬಿನಿ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹಳ್ಳಿಗಳೂ ಕಾಡೂ ಮುಳುಗಿದವು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ನೆಲದಲ್ಲಿ ಎಳೆಹುಲ್ಲು ಎದ್ದು, ಆನೆಗಳು ನೂರಾರು ಸಂಖ್ಯೆಯಲ್ಲಿ ಮರಿಗಳೊಡನೆ ಬಂದು ಸೇರುತ್ತವೆ. ಅದೇ ಕಾಕನಕೋಟೆಯ ಕಡೆಯಲ್ಲಿ 1971ರ ತನಕ ಖೆಡ್ಡಾ ನಡೆಸಿ ಆನೆ ಹಿಡಿಯುತ್ತಿದ್ದರು. ಒಂದು ದಿನ ಹೆಚ್ಚು ಸಮಯವಿದ್ದರೆ ಹೆಗ್ಗಡದೇವನಕೋಟೆಯ ಮೇಲೆ ಅಲ್ಲಿಗೂ ಹೋಗಿಬನ್ನಿ.

ಕಾಡಂಚಿನ ಊರಿನವರನ್ನು ಮರೆಯಬೇಡಿ. ನಾವು ನೋಡಿ ನಲಿಯುವ ಆನೆ ಅವರ ಒಂದು ವರ್ಷದ ಬೆಳೆಯನ್ನು ಒಂದೇ ರಾತ್ರಿಯಲ್ಲಿ ತುಳಿದು ಹೋಗುತ್ತದೆ. ಮರದ ಮೇಲಿನ ಅಟ್ಟಣೆಯಲ್ಲಿ ನಿದ್ದೆಗೆಟ್ಟು ಕಾಯುವುದು ಅವರ ಪಾಡು. ಕಾಡು ಉಳಿಯಲೆಂದು ಎಷ್ಟೋ ಜೇನುಕುರುಬರನ್ನು, ಸೋಲಿಗರನ್ನು ಅವರ ಹಾಡಿಗಳಿಂದಲೇ ಹೊರಗೆ ಕಳಿಸಲಾಯಿತು. ಇಂದಿಗೂ ಜಾಡು ಹಿಡಿಯುವವರು, ಆನೆ ಪಳಗಿಸುವವರು ಅವರೇ. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿ ಸಿಬ್ಬಂದಿಯನ್ನು ಊರುಗಳ ರಕ್ಷಣೆಗೆ ಕಳಿಸಿತು. ಅದು ಸರಿಯಾದ ತೀರ್ಮಾನ. ನಮ್ಮ ರಜೆಯ ಸಂತೋಷಕ್ಕಿಂತ ರೈತನ ಜೀವ ದೊಡ್ಡದು. ಆದ್ದರಿಂದ ಹೊರಡುವ ಮುನ್ನ ಸಫಾರಿ ಇದೆಯೇ, ಯಾವ ಹೊತ್ತಿಗೆ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಬೇಸರ ಬೇಡ, ಹೆದ್ದಾರಿಯಲ್ಲಿ ನಿಧಾನವಾಗಿ ಹಾದುಬನ್ನಿ; ಮುತ್ತುಗ, ಸಾರಗ, ಮುಸುವಗಳಿಗೆ ಟಿಕೆಟ್ಟಿಲ್ಲ.

ಈ ಬೇಸಿಗೆಯಲ್ಲಿ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೊರಡಿ. ಕಾಡಿನ ದಾರಿಯಲ್ಲಿ ಕಾರು ನಿಲ್ಲಿಸಬೇಡಿ, ಏನನ್ನೂ ತಿನ್ನಿಸಬೇಡಿ, ಬೆಂಕಿಕಡ್ಡಿ ಗೀರಬೇಡಿ. ಎಲ್ಲಾದರೂ ಹೊಗೆ ಕಂಡರೆ, ಗಾಯಗೊಂಡ ಪ್ರಾಣಿ ಕಂಡರೆ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿಗೆ ತಿಳಿಸಿ. ಅದರ ಸಂಖ್ಯೆ 1926, ದಯವಿಟ್ಟು ಬರೆದಿಟ್ಟುಕೊಳ್ಳಿ.